ಕಾಜಕ್ಕ ಮನೆ ಖಾಲಿ ಮಾಡಿದ್ದು

ಅಂಗಿಗೆ ಗುಂಡಿ ಹಚ್ಚಲು ಯಾರಿಗೆ ಬರುವುದಿಲ್ಲ ಹೇಳಿ? ಸೂಜಿ ಹಿಡಿಯಲು ಬಂದರೆ ಸಾಕು. ಆದರೆ ಆ ಗುಂಡಿ ತೂರಿಕೊಳ್ಳುವ ತೂತು ಇದೆಯಲ್ಲ, ಕಾಜಾ, ಅದನ್ನು ಕೈಯಲ್ಲೇ ಹೊಲಿಯುವುದು ಬೇರೆ ಮಾತು. ಒಳ್ಳೆಯ ಬಟ್ಟೆಗೆ ಬೇಕೆಂದೇ ಕತ್ತರಿ ಹಾಕಿ, ಸೀಳಿದ ಅಂಚಿಗೆಲ್ಲ ಒತ್ತಾಗಿ ದಾರ ಸುತ್ತಬೇಕು. ಒಂದು ಎಳೆ ಹೆಚ್ಚುಕಡಿಮೆಯಾದರೆ ಕೋಟು ಹೋಯಿತು, ಕೋಟಿನವನ ಬೈಗುಳ ಬಂತು. ಟೈಲರುಗಳ ಆ ಬೀದಿಯಲ್ಲಿ ಈ ಕೆಲಸಕ್ಕೆ ಇದ್ದವಳು ಒಬ್ಬಳೇ. ಬೀದಿಗೆ ಬೀದಿಯೇ ಅವಳನ್ನು ಕಾಜಕ್ಕ ಎನ್ನುತ್ತಿತ್ತು. ಕಟ್ಟಿಕೊಂಡ ಗಂಡನೂ ಬಾಯಿತಪ್ಪಿ ಒಮ್ಮೊಮ್ಮೆ ಹಾಗೇ ಕರೆದುಬಿಡುತ್ತಿದ್ದ ಎಂದರೆ ನೋಡಿ.

ಗಂಡ ಟೈಲರ್. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಅವನು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು, ಸಾಮಾನು ಮಾತ್ರ ಒಂದೂ ಅಲುಗಲಿಲ್ಲ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇಸ್ತ್ರಿ ಹಲಗೆ, ಕೋಟು ತೊಡಿಸಿ ನಿಲ್ಲಿಸುತ್ತಿದ್ದ ತಲೆಯಿಲ್ಲದ ಗೊಂಬೆ, ತುಂಡುಬಟ್ಟೆಯ ಮೂಟೆಗಳು, ತಗಡಿನ ಟ್ರಂಕುಗಳು, ಅವುಗಳ ಮೇಲೆ ಗುಂಡಿಯ ಡಬ್ಬಿಗಳು. ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ದಾಟುವಷ್ಟು ದಾರಿ. ಬಂದವರದೆಲ್ಲ ಒಂದೇ ಮಾತು: "ಕಾಜಕ್ಕ ಉಗುರು ಕತ್ತರಿಸಿದ್ರೆ ಅದನ್ನೂ ಎತ್ತಿಡ್ತಾಳೆ!" ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಜಿಪುಣಿ ಎನ್ನಲಿ, ಅರೆಹುಚ್ಚಿ ಎನ್ನಲಿ, ಅನ್ನುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಿಜ ಗೊತ್ತಾಗದಿದ್ದರೆ ಆಯಿತು.

ನಿಜವೇನೆಂದರೆ ಅವಳ ಕಣ್ಣು ಹೋಗುತ್ತಿತ್ತು. ಅದೂ ಎಂಥ ವಿಚಿತ್ರವಾಗಿ! ನೇರಕ್ಕೆ ಇರುವುದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಸೂಜಿಯ ಕಣ್ಣು, ದಾರದ ತುದಿ, ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆ ಎಲ್ಲವೂ. ಅಕ್ಕಪಕ್ಕದ್ದು ಮಾತ್ರ ಇಲ್ಲ. ಕತ್ತಲೆ ಕವಿದಂತೆಯೂ ಅಲ್ಲ, ಮಬ್ಬಾದಂತೆಯೂ ಅಲ್ಲ, ಇಲ್ಲವೇ ಇಲ್ಲ. ಅವಳು ಲೋಕವನ್ನು ಒಂದು ಕಾಜಾದ ತೂತಿನಿಂದ ನೋಡುತ್ತಿದ್ದಳು, ಆ ತೂತು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿತ್ತು. ಮನೆಯೊಳಗೆ ಅವಳನ್ನು ನಡೆಸುತ್ತಿದ್ದದ್ದು ಆ ಸಾಮಾನುಗಳೇ. ಸೊಂಟಕ್ಕೆ ಮೇಜಿನ ಅಂಚು ತಾಗಿದರೆ ಎಡಕ್ಕೆ ಅಡುಗೆಮನೆ, ಕೈಗೆ ಗೊಂಬೆಯ ಹೆಗಲು ಸಿಕ್ಕರೆ ಮುಂದೆ ಬಚ್ಚಲು. ಹೊರಗೆ ಹೋಗುವುದನ್ನು ಎಂದೋ ಬಿಟ್ಟಿದ್ದಳು. ಟೈಲರುಗಳೇ ಕೋಟು ತಂದುಕೊಟ್ಟು ಒಯ್ಯುತ್ತಿದ್ದರು.

ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ತವರಿನಲ್ಲೂ ಈ ಮನೆಯಲ್ಲೂ ಕಣ್ಣಿಗೆ ಇದ್ದದ್ದು ಒಂದೇ ಪರೀಕ್ಷೆ. ಕಣ್ಣು ನೋವು ಎಂದರೂ ತಲೆನೋವು ಎಂದರೂ ಸೂಜಿ ಕೈಗೆ ಕೊಟ್ಟು "ದಾರ ಪೋಣಿಸು ನೋಡೋಣ" ಎನ್ನುವುದು. ಪೋಣಿಸಿದರೆ ಕಣ್ಣು ಗಟ್ಟಿ, ಮಾತು ಮುಗಿಯಿತು. ಹೊಲಿಯುವವರ ಮನೆಯ ದಡ್ಡತನ ಇದು. ಕಾಜಕ್ಕನ ಅಮ್ಮನೂ ಈ ಪರೀಕ್ಷೆಯನ್ನು ಕಡೇತನಕ ಪಾಸು ಮಾಡುತ್ತಲೇ ಬಂದಿದ್ದಳು. "ಜನ ನಡ್ಕೊಂಡು ಬರೋದೇ ಕಾಣಲ್ಲ ಕಣೇ, ಧುತ್ ಅಂತ ಎದುರಿಗೆ ಇರ್ತಾರೆ," ಎಂದು ಅವಳು ಹೇಳುತ್ತಿದ್ದರೆ ಮನೆಮಂದಿ ನಗುತ್ತಿದ್ದರು. ಒಂದು ದಿನ ಎದುರಿಗೆ ಇರುವವರೂ ಕಾಣದೆ ಹೋದರು.

ಆಮೇಲಿನದನ್ನು ಕಾಜಕ್ಕ ಎಂದೂ ಮರೆತಿರಲಿಲ್ಲ. ಅಮ್ಮನನ್ನು ಮೂಲೆಯ ಮಂಚದ ಮೇಲೆ ಕೂರಿಸಿದರು. ಕತ್ತರಿ ಕಸಿದುಕೊಂಡರು, ಸೂಜಿ ಕಸಿದುಕೊಂಡರು, ಬಿಸಿನೀರಿನ ಹತ್ತಿರ ಬಿಡಲಿಲ್ಲ. ಕಣ್ಣು ಹೋದವಳಿಗೆ ಕಿವಿಯೂ ಹೋಗಿದೆ ಎಂಬಂತೆ ಅವಳ ಎದುರೇ ಅವಳ ವಿಷಯ ಮಾತಾಡಿದರು. "ಅವರು ಊಟ ಮಾಡಿದ್ರಾ? ಅವರನ್ನ ಬಚ್ಚಲಿಗೆ ಕರ್ಕೊಂಡು ಹೋದ್ರಾ?" ಅವರು, ಅವರು! ಬೇಡದ ಸಾಮಾನು ಮೂಲೆಗುಂಪಾಗುವುದು ಗೊತ್ತು, ಹೆತ್ತ ತಾಯಿ ಮೂಲೆಗುಂಪಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸತ್ತರೂ ಸರಿ, ಆ ಮಂಚ ಬೇಡ ಎಂದು ಅವಳು ಡಾಕ್ಟರ ಬಾಗಿಲನ್ನೂ ತುಳಿಯಲಿಲ್ಲ. ಡಾಕ್ಟರು ಹೌದು ಎಂದುಬಿಟ್ಟರೆ?

ಹೀಗೆ ಹೇಗೋ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಕಟ್ಟಡದ ಮಾಲೀಕ ಹಳೆಯದನ್ನು ಕೆಡವುತ್ತೇನೆ, ಎಲ್ಲರೂ ಖಾಲಿ ಮಾಡಿ ಎಂದ. ಇನ್ನೆಲ್ಲಿಗೆ? ಮಗಳ ಮನೆಗೆ. ಮಗಳು, ಅಳಿಯ, ಶಾಲೆಗೆ ಹೋಗುವ ಮೊಮ್ಮಗಳು ಇರುವ ಎರಡು ಕೋಣೆಯ ಮನೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ರಜೆ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡು ಯುದ್ಧಕ್ಕೆ ಬಂದವಳಂತೆ ಬಂದಿಳಿದಳು.

"ಅಮ್ಮಾ, ಒಂದು ಪೆಟ್ಟಿಗೆ, ಒಂದು ಹಾಸಿಗೆ, ನಿನ್ನ ಸೂಜಿದಾರ. ಬೇರೇನೂ ಬರೋ ಹಾಗಿಲ್ಲ. ನಮ್ಮ ಮನೇಲಿ ನಾವು ನಿಂತ್ಕೊಳ್ಳೋಕೇ ಜಾಗ ಇಲ್ಲ."

"ಮೇಜು ಒಂದಿರ್ಲಿ ಕಣೇ."

"ಆ ಮೇಜು ಬಂದ್ರೆ ಅಳಿಯ ಹೊರಗೆ ಮಲಗ್ಬೇಕು. ಅಳಿಯ ಬೇಕಾ ಮೇಜು ಬೇಕಾ?"

ಕಾಜಕ್ಕ ಯೋಚನೆ ಮಾಡುವುದನ್ನು ಕಂಡು ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಅವಳು ತಮಾಷೆಗೆ ಯೋಚಿಸುತ್ತಿರಲಿಲ್ಲ.

ಗುಜರಿಯವನು ಗಾಡಿ ತಂದ. ಮೊದಲು ಮೇಜು ಹೋಯಿತು, ಆಮೇಲೆ ಹಲಗೆ, ಆಮೇಲೆ ಮೂಟೆಗಳು. ಉಳಿದವರಿಗೆ ಜಾಗ ದೊಡ್ಡದಾಗುತ್ತಿತ್ತು, ಅವಳಿಗೆ ದಾರಿ ಅಳಿಸಿಹೋಗುತ್ತಿತ್ತು. ನೀರು ಕುಡಿಯಲೆಂದು ಎದ್ದವಳು ಅಭ್ಯಾಸಬಲದಿಂದ ಗೊಂಬೆಯ ಹೆಗಲಿಗೆ ಕೈ ಚಾಚಿದಳು. ಗೊಂಬೆ ಆಗಲೇ ಗಾಡಿ ಏರಿತ್ತು. ಕೈಗೆ ಏನೂ ಸಿಗಲಿಲ್ಲ. ನಾಲ್ಕು ದಶಕ ಬಾಳಿದ ಮನೆಯ ನಟ್ಟನಡುವೆ ನಿಂತು ಅಡುಗೆಮನೆ ಎಲ್ಲಿ ಎಂದು ತಿಳಿಯದೆ ಅವಳು ಬೆವೆತುಹೋದಳು.

"ಯಾಕಮ್ಮ, ಕಂಬದ ಹಾಗೆ ನಿಂತ್ಬಿಟ್ಟೆ?"

"ನಿಮ್ಮಪ್ಪನ ನೆನಪಾಯ್ತು," ಎಂದಳು ಕಾಜಕ್ಕ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಮಗಳು ಬಂದು ತಬ್ಬಿಕೊಂಡು ಅತ್ತಳು. ಅಳುತ್ತಲೇ ಅಡುಗೆಮನೆಗೆ ಕರೆದುಕೊಂಡು ಹೋದಳು. ಪಾಪ, ಟೈಲರ್ ಸತ್ತ ಮೇಲೂ ಹೆಂಡತಿಯ ಉಪಯೋಗಕ್ಕೆ ಬಂದ.

ಆದರೆ ಅದೃಷ್ಟ ಎಷ್ಟು ಸಲ ಕೈ ಹಿಡಿದೀತು? ಚೊಂಬು ಹಿಡಿದು ವಾಪಸು ಬರುವಾಗ ಪಕ್ಕದಲ್ಲಿ ಬಗ್ಗಿ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದ ಗುಜರಿಯವನ ಮೇಲೆ ಹೋಗಿ ಬಿದ್ದಳು. ಚೊಂಬಿನ ನೀರೆಲ್ಲ ಅವನ ಬೆನ್ನಿಗೆ.

"ಏನಮ್ಮಾ ಇದು, ಕಣ್ಣು ಕಾಣಲ್ವಾ ನಿಮಗೆ?"

ಎಡವಿದವರಿಗೆಲ್ಲ ಜನ ಹೇಳುವ ಮಾತೇ ಅದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಕಾಜಕ್ಕನ ಕೈ ತಾನಾಗಿ ಕಣ್ಣಿಗೆ ಹೋಯಿತು. ಮಗಳೇ ಮೇಲೆ ಬಿದ್ದು ಜಗಳಕ್ಕೆ ನಿಂತಳು: "ಯಾರಿಗೆ ಹೇಳ್ತಿದೀಯಪ್ಪ? ಈ ವಯಸ್ಸಲ್ಲೂ ಕನ್ನಡಕ ಇಲ್ದೆ ಸೂಜಿಗೆ ದಾರ ಹಾಕೋರು ಅವರು! ನೀನು ದಾರಿಗೆ ಅಡ್ಡ ಕೂತು ಅವರಿಗೆ ಹೇಳ್ತೀಯಾ?" ಅವನು ಗೊಣಗುತ್ತಾ ಟ್ರಂಕು ಎತ್ತಿಕೊಂಡು ಹೊರಗೆ ಹೋದ. ಬದುಕಿದೆಯಾ ಬಡಜೀವವೇ ಎಂದು ಕಾಜಕ್ಕ ಉಸಿರು ಬಿಟ್ಟಳು.

ಬಿಟ್ಟ ಉಸಿರು ಇನ್ನೂ ಪೂರ್ತಿ ಹೊರಗೆ ಬಂದಿರಲಿಲ್ಲ, ಧಡ್ ಎಂದು ಸದ್ದಾಯಿತು. ಕೋಣೆಯ ನಡುವೆ ಉಳಿದಿದ್ದದ್ದು ಒಂದೇ ಒಂದು ಸ್ಟೂಲು. ಗುಜರಿಯವನಿಗೆ ಇನ್ನೂ ಎರಡು ಮಾತು ಹೇಳಲೆಂದು ರಭಸದಿಂದ ಹೊರಟ ಮಗಳು ಅದಕ್ಕೇ ಮೊಣಕಾಲು ಬಡಿದುಕೊಂಡಿದ್ದಳು. ಅಷ್ಟಗಲ ಖಾಲಿ ಕೋಣೆ, ಹಾಡುಹಗಲು.

"ಅಯ್ಯಮ್ಮಾ!" ಮಗಳು ಮೊಣಕಾಲು ಉಜ್ಜಿಕೊಳ್ಳುತ್ತಾ ನೆಲದ ಮೇಲೇ ಕುಳಿತಳು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನಿನ್ನ ಆಸ್ತಿ ಅಂತ ನನಗೆ ಬಂದಿದ್ದು ಈ ಎಡವಟ್ಟುತನ ಒಂದೇ ನೋಡು. ಮೈಯೆಲ್ಲ ನೀಲಿಗಟ್ಟಿದೆ. ಸ್ಕೂಟರು ಬಿಟ್ಟು ಬಸ್ಸಲ್ಲಿ ಓಡಾಡ್ತಿರೋದು ಯಾಕೆ ಗೊತ್ತಾ? ಈ ಬೈಕಿನವರು ಎಲ್ಲಿಂದ ಬರ್ತಾರೋ, ಧುತ್ ಅಂತ ಎದುರಿಗೇ ಇರ್ತಾರೆ!"

ಕಾಜಕ್ಕನ ಅಮ್ಮ ಆಡುತ್ತಿದ್ದದ್ದೂ ಇದನ್ನೇ. ಅದೇ ಮಾತು. ಆ ಅಮ್ಮ ಸತ್ತಾಗ ಈ ಮಗಳು ಹುಟ್ಟಿಯೇ ಇರಲಿಲ್ಲ, ಯಾರ ಬಾಯಿಂದ ಕಲಿತಳು? ಯಾರೂ ಕಲಿಸಿಲ್ಲ. ಹಾಗೆ ಕಾಣುವವರಿಗೆ ಬೇರೆ ಮಾತು ಹುಟ್ಟುವುದಿಲ್ಲ, ಅಷ್ಟೇ.

ಛೇ, ಇಲ್ಲ, ಎಲ್ಲರೂ ಎಡವುತ್ತಾರೆ, ಬೈಕಿನವರು ಹಾಗೇ ಓಡಿಸುತ್ತಾರೆ ಎಂದು ಮನಸ್ಸಿಗೆ ಹೇಳಿ ನೋಡಿದಳು. ಮನಸ್ಸು ಕೇಳಲಿಲ್ಲ. ಇಷ್ಟು ವರ್ಷ ತನ್ನ ಕಣ್ಣು, ತನ್ನ ಮಂಚ, ತನ್ನ ಮೂಲೆ ಎಂದು ಹಿಂದಕ್ಕೆ ತಿರುಗಿಯೇ ಹೆದರಿದವಳು ಅವಳು. ಇದು ಮುಂದಕ್ಕೂ ಹರಿಯಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಸೂಜಿ ಕೊಟ್ಟು ನೋಡಲೇ ಎಂದುಕೊಂಡಳು, ಆ ಕ್ಷಣವೇ ತನ್ನ ದಡ್ಡತನಕ್ಕೆ ತಾನೇ ಶಾಪ ಹಾಕಿಕೊಂಡಳು. ಸೂಜಿ ಏನು ಹೇಳೀತು, ಮಣ್ಣು!

ಅವಳು ಹೋಗಿ ಮಗಳ ಪಕ್ಕದಲ್ಲಿ ಕುಳಿತಳು. ಸೂಜಿದಾರದ ಜೊತೆ ಎತ್ತಿಟ್ಟುಕೊಂಡಿದ್ದ ಗುಂಡಿಯ ಡಬ್ಬಿಯಿಂದ ಎರಡು ಬಿಳಿ ಗುಂಡಿ ತೆಗೆದುಕೊಟ್ಟಳು.

"ಇವೆರಡೂ ಒಂದೇ ಜೊತೆಯವಾ ನೋಡು. ಸರಿಯಾಗಿ ನೋಡು, ಆ ಕಡೆ ಈ ಕಡೆ ತಿರುಗ್ಬೇಡ."

"ಈಗ ಇದೊಂದು ಕೆಲ್ಸ," ಎಂದರೂ ಮಗಳು ಗುಂಡಿಗಳನ್ನು ಮುಖದ ನೇರಕ್ಕೆ ಹಿಡಿದು ದಿಟ್ಟಿಸಿದಳು.

ಕಾಜಕ್ಕ ಮೆಲ್ಲಗೆ ಕೈ ಎತ್ತಿದಳು. ಮಗಳ ಕಿವಿಯ ಪಕ್ಕಕ್ಕೆ ತಂದು ಬೆರಳಾಡಿಸಿದಳು. ಈಗ ತಿರುಗುತ್ತಾಳೆ, ಏನಮ್ಮಾ ನಿನ್ನ ಹುಡುಗಾಟ ಎಂದು ಬೈಯುತ್ತಾಳೆ. ಬೈಯಲಿ, ಎಷ್ಟು ಬೇಕಾದರೂ ಬೈಯಲಿ. ಮಗಳು ಗುಂಡಿಯನ್ನೇ ನೋಡುತ್ತಿದ್ದಳು. ಕೈಯನ್ನು ಇನ್ನಷ್ಟು ಮುಂದಕ್ಕೆ ತಂದಳು, ಕೆನ್ನೆಯ ಪಕ್ಕಕ್ಕೆ. ನೋಡೇ ನನ್ನಮ್ಮಾ, ನೋಡೇ ಎಂದು ಒಳಗೊಳಗೇ ಬೇಡಿಕೊಂಡಳು. ಕೈ ಕಣ್ಣಿನ ಅಂಚನ್ನೂ ದಾಟಿ ಮುಂದೆ ಬಂತು.

"ಒಂದೇ ಅಲ್ಲಮ್ಮ," ಎಂದಳು ಮಗಳು. "ಇದಕ್ಕೆ ನಾಲ್ಕು ತೂತು, ಇದಕ್ಕೆ ಎರಡೇ."

"ನನ್ನ ಕೈ ಕಾಣಿಸ್ತಾ?"

"ಯಾವ ಕೈ?"

ಕಾಜಕ್ಕನಿಗೆ ಅಳು ಬಂತು, ಆದರೆ ಅಳಲಿಲ್ಲ. ಅತ್ತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು, "ಈಗ ತಿರುಗಿ ನೋಡು," ಎಂದಳು. ಮಗಳು ತಿರುಗಿದಳು, ಬೆಚ್ಚಿಬಿದ್ದಳು. ಮುಖಕ್ಕೆ ತಾಗುವಷ್ಟು ಹತ್ತಿರ ಅಮ್ಮನ ಕೈ.

ಆಮೇಲೆ ಕಾಜಕ್ಕ ಎಲ್ಲವನ್ನೂ ಹೇಳಿದಳು. ಮೇಜಿನ ಅಂಚು ಹೇಳಿದಳು, ಗೊಂಬೆಯ ಹೆಗಲು ಹೇಳಿದಳು, ತನ್ನ ಅಮ್ಮನ ಮಂಚ ಹೇಳಿದಳು. ಮಗಳು ಮೊದಲು ನಂಬಲಿಲ್ಲ. "ಸುಮ್ನಿರಮ್ಮ, ಏನೇನೋ ಹೇಳ್ಬೇಡ," ಎಂದು ರೇಗಿದಳು. ರೇಗುತ್ತಲೇ ತನ್ನ ಎರಡೂ ಕೈಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ, ಎದುರಿನ ಗೋಡೆಯನ್ನು ನೋಡುತ್ತಾ, ಬೆರಳಾಡಿಸುತ್ತಾ ಮುಂದಕ್ಕೆ ತಂದಳು. ತಂದಳು, ತಂದಳು. ಎಲ್ಲಿ ಕಂಡವು ಎಂದು ಹೇಳಲಿಲ್ಲ. ಮತ್ತೆ ಕಿವಿಯಿಂದ ಶುರುಮಾಡಿ ಇನ್ನೊಮ್ಮೆ ತಂದಳು.

"ಮೊದಲೇ ಹೇಳಿದ್ರೆ..." ಎಂದವಳು ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ಕಾಜಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಗುಜರಿಯವನು ಬಾಗಿಲಲ್ಲಿ ನಿಂತು ಇನ್ನೇನಿದೆ ಎಂದು ಕೂಗಿದ. "ಏನಿದೆಯೋ ಎಲ್ಲಾ ತಗೊಂಡು ಹೋಗಪ್ಪ," ಎಂದಳು ಕಾಜಕ್ಕ. ಅದನ್ನು ಕೇಳಿದ್ದರೆ ಬೀದಿಯವರು ಮೂರ್ಛೆ ಹೋಗುತ್ತಿದ್ದರು. ತಾಯಿ ಮಗಳು ಮೈಮೇಲಿನ ಧೂಳು ಕೂಡ ಕೊಡವದೆ ಬಸ್ಸು ಹಿಡಿದರು. ಬೀದಿ ದಾಟುವಾಗ ಮಗಳು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಆದರೂ ಹೆಜ್ಜೆ ಇಡಲು ಧೈರ್ಯ ಸಾಲದೆ ನಿಲ್ಲುತ್ತಿದ್ದಳು. ಬೆಳಗ್ಗೆ ಇದೇ ಬೀದಿಯನ್ನು ಅವಳು ಒಬ್ಬಳೇ ದಾಟಿ ಬಂದಿದ್ದಳು.

ಕಣ್ಣಾಸ್ಪತ್ರೆಯಲ್ಲಿ ಬೆಂಚು ತುಂಬ ಜನ. ನರ್ಸು ಮಗಳನ್ನು ಕರೆದು ವಯಸ್ಸು ಕೇಳಿದಳು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಳು, ಆಮೇಲೆ ತಲೆಯೆತ್ತದೆ, "ಮನೇಲಿ ಬೇರೆ ಯಾರಿಗಾದ್ರೂ ಕಣ್ಣಿನ ತೊಂದರೆ ಇದೆಯಾ? ಅಪ್ಪ, ಅಮ್ಮ, ಅಜ್ಜಿ?" ಎಂದಳು.

ಮಗಳು ಅಮ್ಮನ ಕಡೆ ತಿರುಗಿದಳು. ಕಾಜಕ್ಕನಿಗೆ ಎದ್ದು ಓಡಿಬಿಡೋಣ ಎನ್ನಿಸಿತು, ಆದರೆ ಬಾಗಿಲು ಯಾವ ಕಡೆಯೆಂದು ಅವಳಿಗೆ ತಿಳಿಯಲಿಲ್ಲ.

"ಇದೆ," ಎಂದಳು, ಬೆಂಚಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ನನಗಿದೆ. ನಮ್ಮಮ್ಮನಿಗೂ ಇತ್ತು. ಅವಳು ಪೂರ್ತಿ ಕುರುಡಿಯಾಗೇ ಸತ್ತಳು. ನಾನು ಯಾರ ಹತ್ರಾನೂ ಹೇಳಿರ್ಲಿಲ್ಲ."

ನರ್ಸಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಕಣ್ಣಿನೊಳಗಿನ ಒತ್ತಡ ಇರ್ಬಹುದು, ಇಬ್ರಿಗೂ ನೋಡೋಣ. ಹೋಗಿದ್ದು ವಾಪಸು ಬರಲ್ಲ, ಆದ್ರೆ ಬೇಗ ಸಿಕ್ರೆ ಉಳಿದಿದ್ದನ್ನ ಉಳಿಸ್ಕೋಬಹುದು," ಎಂದಳು. ಮತ್ತೆ ಮಗಳ ಕಡೆ ತಿರುಗಿದಳು. "ನಿಮಗೆ ಮಕ್ಕಳಿದಾರಾ?"

ಮಗಳು ಉತ್ತರ ಕೊಡಲಿಲ್ಲ. ಆ ಮೌನ ಕಾಜಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೆ ಅದು ಇಲ್ಲವೆಂದೇ ಆದೀತು ಎಂಬ ಆಸೆ ಅದು. ಆ ಆಸೆಯನ್ನೇ ನೆಚ್ಚಿಕೊಂಡು ಅವಳು ಮಗಳ ಕಣ್ಣನ್ನು ಕಳೆದಿದ್ದಳು.

"ಹೇಳು ಮಗಾ," ಎಂದಳು. "ನನ್ನ ಹಾಗೆ ಮಾಡ್ಬೇಡ, ಹೇಳ್ಬಿಡು."

"ಒಬ್ಬಳಿದಾಳೆ," ಎಂದಳು ಮಗಳು. "ಹನ್ನೊಂದು ವರ್ಷ."