ತುಳಸವ್ವನ ನಿಂಬೆಗಾಗಿ ಅಡ್ಡ ಕೂತ ಸೊಸೆ

ಅಥಣಿಯ ಪೂರ್ವಕ್ಕೆ, ಹೊಳೆಯ ನೀರು ಮುಟ್ಟದ ಊರಲ್ಲಿ ತುಳಸವ್ವನ ಅಂಗಳ ನೋಡಿದವರೆಲ್ಲ ಮೂಗು ಮುರಿಯುತ್ತಿದ್ದರು. ಎಲ್ಲಿ ಕಾಲಿಟ್ಟರೂ ತಗ್ಗು, ದಿಣ್ಣೆ, ಗೇಣಗಲದ ಕಾಲುವೆ. ಅಂಗಳವೇ ಅದು? ಆದರೆ ಆಕೆಯ ಲೆಕ್ಕ ಬೇರೆ. ಪತ್ರಾಸು ತಗಡಿನ ಮಾಡಿನಿಂದ ಇಳಿದ ಮಳೆನೀರು ಮೊದಲು ಮಲ್ಲಿಗೆಗೆ, ಅಲ್ಲಿಂದ ಕರಿಬೇವಿಗೆ, ಕೊನೆಗೆ ಬೀದಿಯ ಕಡೆಯ ತಲಬಾಗಿಲ ಪಕ್ಕದ ನಿಂಬೆಯ ಬುಡದಲ್ಲಿ ಇಂಗಬೇಕು. ಒಂದು ಹನಿಯೂ ಬೀದಿಗೆ ಹೋಗಕೂಡದು. ಆ ಕೆಲಸಕ್ಕೆ ಸಲಿಕೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳೇ ಅಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆ, ಹಾಳಾದ್ದು, ಎಲ್ಲರನ್ನೂ ಹಣಿದುಹಾಕಿತು. ಟ್ಯಾಂಕರಿನ ನೀರು ಕುಡಿಯಲಿಕ್ಕೇ ಸಾಲದು. ತುಳಸವ್ವ ಮುಖ ತೊಳೆದ ನೀರನ್ನೂ ನಿಂಬೆಗೆ ಸುರಿದಳು. ತೀರಿಹೋದ ಗಂಡ ದಶರಥ ಶೇಡಬಾಳದಿಂದ ಸೈಕಲ್ಲಿನ ಮೇಲೆ ತಂದು ನೆಟ್ಟ ಗಿಡ. ಎಲೆಯೆಲ್ಲ ಉದುರಿ ಒಂದೇ ಟೊಂಗೆ ಹಸಿರುಳಿದಿತ್ತು. ಮೊದಲ ಮಳೆಯ ನೀರು ಸಿಕ್ಕರೆ ಬದುಕೀತು, ಇಲ್ಲದಿದ್ದರೆ ಅಷ್ಟೇ.

ಕಾರಹುಣ್ಣಿಮೆಯ ಮುಂಚಿನ ದಿನ ಸಂತೆಯಿಂದ ಬಂದು ನೋಡುತ್ತಾಳೆ, ಅಂಗಳ ಹಪ್ಪಳದ ಹಾಗೆ ಚಪ್ಪಟೆ! ಹೊಸ ಸೊಸೆ ಶುಭಾಂಗಿ ಉಗಾರ ಖುರ್ದದಲ್ಲಿ ಫ್ಯಾಕ್ಟರಿಯ ನಳದ ನೀರು ಕುಡಿದು ಬೆಳೆದವಳು. ಮೊದಲ ಹಬ್ಬ, ಅತ್ತೆ ಮೆಚ್ಚಲಿ ಎಂದು ತಗ್ಗೆಲ್ಲ ಮುಚ್ಚಿ, ಸೆಗಣಿ ಸಾರಿಸಿ, ರಂಗೋಲಿ ಹಾಕಿ, ಹೊಸ ಸೀರೆ ಉಟ್ಟು ನಗುತ್ತ ನಿಂತಿದ್ದಳು.

"ಅಯ್ಯ ನನ್ನ ಶಿವನ! ಏನ ಮಾಡಿದಿ ಬೇ? ನೀರ ಹೋಗೋ ಹಾದಿ ಮುಚ್ಚಿದಿ, ನನ್ನ ನಿಂಬಿಗಿಡಾ ಕೊಂದಿ!"

ತುಳಸವ್ವ ಸಲಿಕೆ ಎತ್ತಿಕೊಳ್ಳುವಷ್ಟರಲ್ಲೇ ಮಳೆ ಧೋ ಎಂದು ಸುರಿಯತೊಡಗಿತು. ನೀರು ರಂಗೋಲಿ ಅಳಿಸಿಕೊಂಡು ನೆಟ್ಟಗೆ ಬೀದಿಗೆ ಓಡಿತು.

ಅಳುತ್ತ ನಿಲ್ಲಲಿಲ್ಲ ಹುಡುಗಿ. ಓಡಿಹೋಗಿ ತಲಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೆಸರಲ್ಲಿ ಕೂತೇಬಿಟ್ಟಳು. ನೀರು ಅವಳಿಗೆ ಬಡಿದು ನಿಂತು ನಿಂಬೆಯ ಕಡೆ ಹೊರಳಿತು.

"ಏಳ ಹುಚ್ಚಿ, ಥಂಡಿ ಹಿಡದೀತು!"

"ನೀವು ಅಗೀರಿ ಅತ್ತಿ. ಹಾದಿ ಮುಚ್ಚಿದ ಚೂಕ ನಂದೈತಿ, ನಾ ಏಳಂಗಿಲ್ಲ."

ತುಳಸವ್ವ ಅಗೆದಳು. ಅಗೆಯುತ್ತ ಬೈದಳು, ಬೈಯುತ್ತ ನಕ್ಕಳು. ಎಂಥಾ ಹುಡುಗಿ ಸಿಕ್ಕಳಪ್ಪಾ ನನಗೆ ಎಂದುಕೊಂಡಳು. ಕೈ ಸೋತಾಗ ಸಲಿಕೆಯನ್ನು ಶುಭಾಂಗಿಗೇ ಕೊಟ್ಟು, ತಾನು ಅವಳ ಜಾಗದಲ್ಲಿ ಕೆಸರಿಗೆ ಕೂತಳು.

ಶ್ರಾವಣದ ಹೊತ್ತಿಗೆ ನಿಂಬೆ ಚಿಗುರಿತು. ಅವರಿಬ್ಬರೂ ಕೂತಲ್ಲಿ ಈಗ ಮಣ್ಣಿನ ಪುಟ್ಟ ಒಡ್ಡು ಇದೆ. ಎಡವಿದವರು ಗೊಣಗಿದರೆ ತುಳಸವ್ವ ಒಳಗಿನಿಂದಲೇ ಕೂಗುತ್ತಾಳೆ:

"ಸಾವಕಾಶ ದಾಟ್ರಿ, ಅಲ್ಲಿ ನನ್ನ ಸೊಸಿ ಕುಂತಾಳ!"