ಫ್ರಿಜಿಡಸ್ ಕಾಳಗವೂ ಇಳಕಲ್ಲಿನ ಒಂದು ವಿಚಾರಣೆಯೂ

೧೯೦೯ರಲ್ಲಿ ನಾನು ವಿಜಾಪುರ ಜಿಲ್ಲೆಯಲ್ಲಿ ಅಸಿಸ್ಟಂಟ್ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾಗಿದ್ದರೂ ಕೆಲಸ ಸರಳವಾದದ್ದು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳ ಶಾಲೆಗಳನ್ನು ವರ್ಷಕ್ಕೊಮ್ಮೆ ನೋಡಿ, ಮಕ್ಕಳನ್ನು ಪರೀಕ್ಷಿಸಿ, ವಿಜಾಪುರಕ್ಕೆ ವರದಿ ಕಳಿಸಬೇಕು. ಬಾಗಲಕೋಟೆಯಲ್ಲಿದ್ದ ನನ್ನ ಕಚೇರಿಯೆಂದರೆ ಒಂದು ಕೋಣೆ, ಒಬ್ಬ ಕಾರಕೂನ, ಒಬ್ಬ ಪಟ್ಟೇವಾಲಾ. ವರ್ಷದ ಎಂಟು ತಿಂಗಳು ನಾನು ಚಕ್ಕಡಿಯಲ್ಲೇ ಇರುತ್ತಿದ್ದೆ.

ಆ ವರ್ಷದ ನವೆಂಬರಿನಲ್ಲಿ ವಿಜಾಪುರದಿಂದ ಒಂದು ಲಕೋಟೆ ಬಂತು. ಒಳಗೆ ಇಳಕಲ್ಲಿನ ನೇಕಾರ ಮನೆತನಗಳವರು ಬರೆದ ಅರ್ಜಿ. ಊರಿನ ಮಿಶನ್ ಶಾಲೆಯ ಹೆಡ್‌ಮಾಸ್ತರರು ಇತಿಹಾಸದ ಪಾಠದಲ್ಲಿ ಯಾವುದೋ ಯುದ್ಧದ ಕಥೆ ಹೇಳಿ, ದೇವರುಗಳನ್ನು ಪೂಜಿಸುವವರು ಸೋಲುತ್ತಾರೆ, ಸೋತವರ ಮಕ್ಕಳು ಕ್ರೈಸ್ತರಾಗಬೇಕಾಗುತ್ತದೆ ಎಂದು ಬೋಧಿಸಿದ್ದಾರೆ. ಆದ್ದರಿಂದ ನಮ್ಮ ಮಕ್ಕಳನ್ನು ಬಿಡಿಸಿಕೊಂಡಿದ್ದೇವೆ ಎಂಬುದು ಅದರ ಸಾರ. ಅರ್ಜಿಯ ಅಂಚಿನಲ್ಲಿ ನನ್ನ ಮೇಲಧಿಕಾರಿಗಳು ಎರಡೇ ಸಾಲು ಬರೆದಿದ್ದರು. ಸ್ಥಳಕ್ಕೆ ಹೋಗಿ ವಿಚಾರಣೆ ಮಾಡಬೇಕು. ಹದಿನೈದು ದಿನದೊಳಗೆ ವರದಿ ಬರಬೇಕು.

ಓದುಗರಿಗೆ ಇಲ್ಲಿ ಒಂದು ಮಾತು ತಿಳಿಸಬೇಕು. ಮಿಶನ್ ಶಾಲೆಗಳಿಗೂ ಸರ್ಕಾರದಿಂದ ಗ್ರ್ಯಾಂಟ್ ಎಂಬ ಸಹಾಯಧನ ಸಿಗುತ್ತಿತ್ತು. ಅದಕ್ಕೆ ಹಾಜರಿ ನೋಡುತ್ತಿದ್ದರು. ಇಳಕಲ್ಲಿನ ಆ ಶಾಲೆಯ ಹಾಜರಿಪಟದಲ್ಲಿ ಎಂಬತ್ತನಾಲ್ಕು ಹೆಸರುಗಳಿದ್ದವು, ಬರುತ್ತಿದ್ದವರು ಹತ್ತೊಂಬತ್ತು ಮಂದಿ. ಹೀಗೇ ಇದ್ದರೆ ಮುಂದಿನ ವರ್ಷ ಶಾಲೆಗೆ ಬೀಗ ಬೀಳುವುದು ಖಂಡಿತವಾಗಿತ್ತು. ನೇಕಾರರ, ಬಣ್ಣಗಾರರ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಕಲಿಯಲು ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ.

ಶಿರೂರಿನ ಮೇಲೆ ಹಾದು, ಹುನಗುಂದದಲ್ಲಿ ಒಂದು ದಿನ ತಂಗಿ, ಮೂರನೆಯ ದಿನ ಮುಂಜಾನೆ ಇಳಕಲ್ ತಲುಪಿದೆ. ಮೊದಲು ಶಾಲೆಗೆ ಹೋದೆ. ಹೆಡ್‌ಮಾಸ್ತರರ ಹೆಸರು ಯೋಹಾನ. ಮೂವತ್ತೇಳರ ಸುಮಾರಿನ, ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಧೋತರ, ಗುಂಡಿ ಹಾಕಿದ ಕರಿ ಕೋಟು, ತಲೆಗೆ ರುಮಾಲು. ನಾನು ಕೇಳುವ ಮೊದಲೇ ತಮ್ಮ ಪಾಠ ಟಿಪ್ಪಣಿಯ ವಹಿ ತಂದು ಮುಂದಿಟ್ಟರು. ಪ್ರತಿ ದಿನದ ಪಾಠದ ಮುಖ್ಯಾಂಶವನ್ನು ಮಾಸ್ತರರು ಬರೆದಿಡುವ ವಹಿ ಅದು. ದೂರು ಬಂದ ಪಾಠದ ದಿನದ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ರೋಮ್ ಸಾಮ್ರಾಜ್ಯ, ಫ್ರಿಜಿಡಸ್ ನದಿಯ ಕಾಳಗ, ಕ್ರಿ. ಶ. ೩೯೪, ಸೆಪ್ಟೆಂಬರ್ ಐದು ಮತ್ತು ಆರು.

ನಾನು ಪುಣೆಯಲ್ಲಿ ಬಿ.ಎ. ಮಾಡಿದವನು. ಆದರೂ ಈ ಕಾಳಗದ ಹೆಸರು ಕೇಳಿರಲಿಲ್ಲ. ಮಾಸ್ತರರು ಮಿಶನ್ ಪುಸ್ತಕಾಲಯದ ಒಂದು ದಪ್ಪ ಇಂಗ್ಲಿಷ್ ಇತಿಹಾಸವನ್ನು ತೋರಿಸಿದರು. ನೀವು ಮಕ್ಕಳಿಗೆ ಏನು ಹೇಳಿದಿರಿ ಎಂದು ಕೇಳಿದೆ. ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ ಎಂದರು. ಸೋತವರ ಮಕ್ಕಳ ವಿಷಯ? ತರಗತಿಯ ಮಕ್ಕಳು ಕೇಳಿದರು, ಉತ್ತರ ಕೊಟ್ಟೆ ಎಂದರು. ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಸ್ವಲ್ಪವೂ ಪ್ರಯತ್ನಿಸದಿದ್ದುದು ನನಗೆ ಆಗ ಅಹಂಕಾರದಂತೆ ಕಂಡಿತು.

ಮಧ್ಯಾಹ್ನ ಅರ್ಜಿಗೆ ಮೊದಲ ಸಹಿ ಹಾಕಿದ ಸಂಗಪ್ಪನವರ ಮನೆಗೆ ಹೋದೆ. ಅರವತ್ತು ದಾಟಿದ ನೇಕಾರರು, ಓಣಿಯ ಹಿರಿಯರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ನನ್ನನ್ನು ಕಂಡು ಎದ್ದು ಬಂದರು. ಪಕ್ಕದಲ್ಲಿ ದಾವಲಸಾಬ ಎಂಬ ಬಣ್ಣಗಾರರು ಇದ್ದರು. ಸೀರೆಯ ನೂಲಿಗೆ ಬಣ್ಣ ಹಾಕುವುದು ಅವರ ಮನೆತನದ ಕಸುಬು. ಅವರ ಇಬ್ಬರು ಮಕ್ಕಳೂ ಶಾಲೆ ಬಿಟ್ಟಿದ್ದರು. ದೇವರುಗಳ ನಿಂದೆಯಿಂದ ಇವರಿಗೆ ನೋವಾಗಿದೆ ಎಂದು ನಾನು ತಿಳಿದುಕೊಂಡು ಹೋಗಿದ್ದೆ. ಸಂಗಪ್ಪನವರು ಅದನ್ನು ತಳ್ಳಿಹಾಕಿದರು.

"ಕಲ್ಲಿನ ದೇವ್ರು ಕೈ ಬಿಟ್ಟ ಅಂದ್ರ ನನಗ ಸಿಟ್ಟಿಲ್ರಿ ಸಾಹೇಬ್ರ. ಕಲ್ಲನ್ನ ನಂಬಬ್ಯಾಡ್ರಿ ಅಂತ ನಮ್ಮ ಶರಣರೂ ಹೇಳ್ಯಾರ. ಸೋತವ್ರ ಮಕ್ಕಳನ್ನ ಏನ ಮಾಡಿದ್ರು, ಅದು ನನ್ನ ಮಾತು. ಅದನ್ನ ಹೇಳಾಂವ ಯಾರು ಅನ್ನೂದೂ ನಮಗ ಗೊತ್ತೈತಿ."

ಕೊನೆಯ ಮಾತಿನ ಅರ್ಥ ಕೇಳಿದೆ. ಅವರು ಮಗ್ಗಕ್ಕೆ ಮರಳಿದರು. ಬೀದಿಗೆ ಬಂದ ಮೇಲೆ ದಾವಲಸಾಬರು ತಿಳಿಸಿದರು. ಯೋಹಾನ ಮಾಸ್ತರರು ಇದೇ ಓಣಿಯ ನೇಕಾರರೊಬ್ಬರ ಮಗ. ೧೮೭೬ರ ದೊಡ್ಡ ಬರದಲ್ಲಿ ಅವರ ತಂದೆ ಐದು ವರ್ಷದ ಮಗನನ್ನು ಕರೆದುಕೊಂಡು ಮಿಶನ್ನಿನ ಗಂಜಿಕೇಂದ್ರಕ್ಕೆ ಹೋಗಿದ್ದರು. ತಂದೆ ಅಲ್ಲಿಯೇ ತೀರಿಕೊಂಡರು. ಮಗ ಮಿಶನ್ನಿನಲ್ಲಿ ಬೆಳೆದು, ಓದಿ, ಮೂವತ್ತು ವರ್ಷದ ಮೇಲೆ ಮಾಸ್ತರರಾಗಿ ಹುಟ್ಟೂರಿಗೆ ಬಂದಿದ್ದರು. ಓಣಿಯವರು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರೂ ಮಾಸ್ತರರನ್ನು ಮನೆಯೊಳಗೆ ಕರೆದಿರಲಿಲ್ಲ.

ನಾನು ಹನ್ನೆರಡು ಜನರ ಹೇಳಿಕೆ ಬರೆದುಕೊಂಡೆ. ಒಂದಕ್ಕೊಂದು ತಾಳೆಯಾಗಲಿಲ್ಲ. ಯುದ್ಧ ವಿಲಾಯತಿಯಲ್ಲಿ ಆಯಿತು ಎಂದರು ಕೆಲವರು. ಮುಂದಿನ ವರ್ಷ ಆಗಲಿದೆ ಎಂದು ಮಾಸ್ತರರು ಹೇಳಿದ್ದಾರೆ ಎಂದವರೂ ಇದ್ದರು. ಎರಡನೆಯ ದಿನ ಸಂಜೆ ನಾನು ನಿಯಮದ ಪುಸ್ತಕದಲ್ಲಿಲ್ಲದ ಒಂದು ತೀರ್ಮಾನ ಮಾಡಿದೆ. ಶನಿವಾರ ಮುಂಜಾನೆ ಮಾಸ್ತರರು ಅದೇ ಪಾಠವನ್ನು ಮತ್ತೊಮ್ಮೆ ಹೇಳಬೇಕು. ತಂದೆತಾಯಿಗಳು ಬಂದು ಕೂತು ಕೇಳಬೇಕು. ಯೋಹಾನರು ಪಾದ್ರಿಗಳ ಅಪ್ಪಣೆ ಬೇಕಾಗುತ್ತದೆ ಎಂದರು. ಶಾಲೆಗಳ ಮೇಲ್ವಿಚಾರಣೆ ನೋಡುತ್ತಿದ್ದ ಪಾದ್ರಿ ಸಾಹೇಬರು ಇದ್ದದ್ದು ದೂರದ ಊರಿನಲ್ಲಿ. ಅಪ್ಪಣೆ ತರಿಸಲು ವಾರವಾಗುತ್ತಿತ್ತು. ಇನ್ಸ್‌ಪೆಕ್ಟರನ ಮುಂದೆ ಪಾಠ ಹೇಳಲು ಯಾರ ಅಪ್ಪಣೆಯೂ ಬೇಡವೆಂದು ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಅವರು ಒಪ್ಪಿಕೊಂಡರು.

ಶನಿವಾರ ಶಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಕಿಟಕಿಗಳ ಹೊರಗೂ ಜನ ನಿಂತಿದ್ದರು. ಯೋಹಾನರು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಕಣಿವೆ, ಒಂದು ನದಿ, ಬೆಟ್ಟಗಳನ್ನು ಬರೆದರು. ಪೂರ್ವದಲ್ಲಿ ಥಿಯೋಡೋಸಿಯಸ್ ಎಂಬ ಚಕ್ರವರ್ತಿ, ಕ್ರಿಸ್ತನನ್ನು ನಂಬಿದವನು. ಹಳೆಯ ಗುಡಿಗಳ ಪೂಜೆಯನ್ನು ಕಾನೂನಿನಿಂದ ನಿಲ್ಲಿಸಿದ್ದವನು. ಪಶ್ಚಿಮದಲ್ಲಿ ಅರ್ಬೊಗಾಸ್ಟ್ ಎಂಬ ಸೇನಾಪತಿ ಯುಜೀನಿಯಸ್ ಎಂಬವನನ್ನು ಗದ್ದುಗೆಗೆ ಏರಿಸಿದ್ದ. ಈ ಯುಜೀನಿಯಸ್ ಮೊದಲು ಪಾಠ ಹೇಳುವ ಪಂಡಿತನಾಗಿದ್ದ ಎಂದಾಗ ಜನ ನಕ್ಕರು. ಅವನೂ ಹೆಸರಿಗೆ ಕ್ರೈಸ್ತನೇ. ಆದರೆ ಹಳೆಯ ದೇವರುಗಳ ಭಕ್ತರು ಅವನ ಬೆನ್ನಿಗಿದ್ದರು. ಬೆಟ್ಟದ ಮೇಲೆ ಜುಪಿಟರ್ ದೇವರ ಮೂರ್ತಿಗಳನ್ನು ನಿಲ್ಲಿಸಿದ್ದರು, ಮೂರ್ತಿಗಳ ಕೈಯಲ್ಲಿ ಬಂಗಾರದ ಸಿಡಿಲು.

ಮೊದಲ ದಿನ ಥಿಯೋಡೋಸಿಯಸ್ ತನ್ನ ಜೊತೆಗಿದ್ದ ಗಾಥ್ ಎಂಬ ಜನಾಂಗದ ಪಡೆಗಳನ್ನು ಮುಂದೆ ಬಿಟ್ಟ. ಅವರೂ ಏಸುವನ್ನು ನಂಬಿದವರೇ, ಪಂಥ ಬೇರೆ. ಹತ್ತು ಸಾವಿರ ಮಂದಿ ಸತ್ತರೆಂದು ಹಳೆಯ ಬರಹಗಳು ಹೇಳುತ್ತವೆ. ಅವರು ಸತ್ತದ್ದೇ ಒಳ್ಳೆಯದಾಯಿತು ಎಂದು ಚಕ್ರವರ್ತಿಯ ಕಡೆಯವರೇ ಆಮೇಲೆ ಬರೆದಿಟ್ಟಿದ್ದಾರೆ. ಇದನ್ನು ಹೇಳುವಾಗ ಯೋಹಾನರ ದನಿಯಲ್ಲಿ ಯಾವ ಏರಿಳಿತವೂ ಇರಲಿಲ್ಲ. ಎರಡನೆಯ ದಿನ ಬೆಟ್ಟದ ಕಡೆಯಿಂದ ಭಾರಿ ಗಾಳಿ ಎದ್ದು ಪಶ್ಚಿಮದವರ ಮುಖಕ್ಕೆ ಧೂಳು ಹೊಡೆಯಿತು. ಅವರು ಬಿಟ್ಟ ಬಾಣಗಳು ಅವರ ಕಡೆಗೇ ತಿರುಗಿದವು. ಸೇನೆ ಚದುರಿತು. ಯುಜೀನಿಯಸ್‌ನ ತಲೆ ಕಡಿದರು. ಅರ್ಬೊಗಾಸ್ಟ್ ಎರಡು ದಿನ ಬೆಟ್ಟದಲ್ಲಿ ಅಲೆದು ತನ್ನ ಕತ್ತಿಯಿಂದಲೇ ಸತ್ತ.

ದಾವಲಸಾಬರು ನೂಲು ಒಣಗಿಸುವವರಾದ್ದರಿಂದ ಗಾಳಿಯ ಬಗ್ಗೆ ಕೇಳಿದರು. ಅಲ್ಲಿ ಅಂಥ ಗಾಳಿ ಆಗಾಗ ಬೀಸುತ್ತಿತ್ತೇ? ಇಂದಿಗೂ ಬೀಸುತ್ತದೆ, ಅದಕ್ಕೆ ಬೋರಾ ಎಂದು ಹೆಸರು ಎಂದು ಯೋಹಾನರು ಹೇಳಿದರು. ಹಾಗಾದರೆ ಅದು ದೇವರ ಗಾಳಿಯೇ, ಬೆಟ್ಟದ ಗಾಳಿಯೇ ಎಂದು ಯಾರೋ ಹಿಂದಿನಿಂದ ಕೇಳಿದರು. ಗೆದ್ದವರು ದೇವರ ಗಾಳಿ ಎಂದರು, ಗೆದ್ದವರ ಬರಹಗಳೇ ಹೆಚ್ಚಾಗಿ ಉಳಿದಿವೆ ಎಂದರು ಯೋಹಾನರು.

ಆಗ ಸಂಗಪ್ಪನವರು ಎದ್ದು ನಿಂತರು. ಇಡೀ ವಿಚಾರಣೆ ಇದೇ ಪ್ರಶ್ನೆಗಾಗಿ ಕಾದಿತ್ತು.

"ಸೋತವ್ರ ಮಕ್ಕಳಿಗೆ ಏನಾತು ಮಾಸ್ತರ? ಮುಚ್ಚಿಡಬ್ಯಾಡ."

ಯೋಹಾನರು ಮುಚ್ಚಿಡಲಿಲ್ಲ. ಚಕ್ರವರ್ತಿ ಆ ಮಕ್ಕಳನ್ನು ಕೊಲ್ಲಲಿಲ್ಲ, ಅವರ ಆಸ್ತಿ ಕಸಿಯಲಿಲ್ಲ, ಆದರೆ ಅವರು ಕ್ರೈಸ್ತರಾಗಬೇಕೆಂದು ಬಯಸಿದ, ಅವರು ಆದರು ಎಂದರು. ಕೋಣೆಯಲ್ಲಿ ಗುಜುಗುಜು ಎದ್ದಿತು. ಅವರು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಅಲ್ಲಿಯವರೆಗೆ ಆಡುತ್ತಿದ್ದ ಪುಸ್ತಕದ ಕನ್ನಡ ಬಿಟ್ಟು, ಓಣಿಯ ಮಾತಿನಲ್ಲಿ ಹೇಳಿದರು:

"ನಮ್ಮಪ್ಪ ಯಾವ ಯುದ್ಧದಾಗೂ ಸೋತಿರಲಿಲ್ಲ, ಕಾಕಾ. ಹಸಿವಿತ್ತು, ಗಂಜಿ ಅಲ್ಲಿ ಸಿಕ್ತು, ಹೋದ. ನಾ ಐದು ವರ್ಷದಾಂವ. ನಿನಗ ಏನ ಬೇಕು ಅಂತ ನನ್ನ ಯಾರೂ ಕೇಳಲಿಲ್ಲ. ನಾ ಈಗ ನಂಬೂದನ್ನ ಮನಸಾರೆ ನಂಬೇನಿ. ಆದ್ರ ನಿಮ್ಮ ಮಕ್ಕಳಿಗೆ ಈ ಸಾಲ್ಯಾಗ ನಾ ಆ ನಂಬಿಕಿ ಮಾತು ಎಂದೂ ಹೇಳಾಂವಲ್ಲ. ಅವ್ರು ದೊಡ್ಡವ್ರಾಗಿ ತಾವ ನೋಡ್ಕೋಳಿ."

ಗಂಜಿಗೆ ಹೋದ ಆ ನೇಕಾರ ಸಂಗಪ್ಪನವರ ಓರಗೆಯವನು, ಒಂದೇ ಗೋಡೆಯ ಆಚೆ ಮಗ್ಗ ಹೂಡಿದ್ದವನು ಎಂಬುದು ನನಗೆ ಆಮೇಲೆ ತಿಳಿಯಿತು. ಸಂಗಪ್ಪನವರು ಹೊರಗೆ ಹೋದರು. ಸೋಮವಾರ ಶಾಲೆಯ ಹಾಜರಿ ಎಪ್ಪತ್ತೊಂದು.

ಬಾಗಲಕೋಟೆಗೆ ಮರಳಿ ಒಂಬತ್ತು ಪುಟಗಳ ವರದಿ ಬರೆದೆ. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಿಂದ ಬರೆದ ವರದಿ ಬೇರೆ ಇಲ್ಲ. ಪಾಠವನ್ನು ಹೊಗಳಿದೆ. ಗಾಳಿಯ ವಿಷಯದಲ್ಲಿ ಮಾಸ್ತರರು ಕೊಟ್ಟ ಉತ್ತರವನ್ನು ಬರೆದೆ. ಅವರ ಕೊನೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಶಬ್ದ ಬಿಡದೆ ಸೇರಿಸಿದೆ. ಜಿಲ್ಲೆಯ ಎಲ್ಲ ಮಾಸ್ತರರಿಗೂ ಇದು ಮಾದರಿ ಎಂದು ಮುಗಿಸಿದೆ. ವಿಜಾಪುರದಿಂದ ಮೆಚ್ಚುಗೆ ಬಂತು.

ನಿಯಮದ ಪ್ರಕಾರ ಗ್ರ್ಯಾಂಟ್ ಪಡೆಯುವ ಶಾಲೆಯ ವರದಿಯ ಒಂದು ಪ್ರತಿ ಅದರ ಆಡಳಿತದವರಿಗೆ, ಅಂದರೆ ಇಲ್ಲಿ ಮಿಶನ್ನಿಗೆ, ಹೋಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅದನ್ನು ಯೋಚಿಸಿರಲಿಲ್ಲ. ಜನವರಿಯಲ್ಲಿ ಪಾದ್ರಿ ಸಾಹೇಬರು ನನ್ನ ಕಚೇರಿಗೆ ಬಂದರು. ಸೌಜನ್ಯದ, ವಯಸ್ಸಾದ ಮನುಷ್ಯ. ಚೆನ್ನಾಗಿ ಕನ್ನಡ ಆಡುತ್ತಿದ್ದರು. ಯೋಹಾನರನ್ನು ಕೆಲಸದಿಂದ ಬಿಡುಗಡೆ ಮಾಡಿದ್ದನ್ನು ತಿಳಿಸಲು ಬಂದಿದ್ದರು. ದೇವರ ಕೈಯನ್ನು ಬೆಟ್ಟದ ಗಾಳಿ ಎಂದವನು, ಮಕ್ಕಳ ಮುಂದೆ ಸುವಾರ್ತೆಯನ್ನು ಎಂದೂ ಹೇಳುವುದಿಲ್ಲ ಎಂದು ಮಾತು ಕೊಟ್ಟವನು ಮಿಶನ್ನಿನ ಮಾಸ್ತರನಾಗಿ ಹೇಗೆ ಇರಬೇಕು ಎಂದು ಕೇಳಿದರು. ಅವರು ಹಾಗೆ ಹೇಳಿದ್ದಕ್ಕೆ ಬೇರೆ ಸಾಕ್ಷಿ ಇದೆಯೇ ಎಂದು ನಾನು ಕೇಳಿದೆ. ಅವರು ಚೀಲದಿಂದ ನನ್ನ ವರದಿಯನ್ನು ತೆಗೆದು ಮೇಜಿನ ಮೇಲಿಟ್ಟರು.

ಫೆಬ್ರವರಿಯಲ್ಲಿ ಇಳಕಲ್ಲಿನಿಂದ ಎರಡನೆಯ ಅರ್ಜಿ ಬಂತು. ಮೊದಲ ಸಹಿ ಮತ್ತೆ ಸಂಗಪ್ಪನವರದೇ. ಯೋಹಾನ ಮಾಸ್ತರರನ್ನೇ ಉಳಿಸಿಕೊಡಬೇಕು ಎಂದು ಕೇಳಿದ್ದರು. ಸಹಿಗಳು ಮೊದಲಿನದಕ್ಕಿಂತ ಹೆಚ್ಚು. ಅದನ್ನು ಶಿಫಾರಸಿನೊಡನೆ ಮುಂದೆ ಕಳಿಸಿದೆ. ಮಾಸ್ತರರ ನೇಮಕ ಆಡಳಿತದವರ ಹಕ್ಕು ಎಂಬ ಉತ್ತರ ಬಂತು. ಅದು ಸರಿಯಾದ ಉತ್ತರವೇ ಆಗಿತ್ತು.

ಕೊನೆಗೆ ಬಾದಾಮಿಯ ಲೋಕಲ್ ಬೋರ್ಡ್ ಶಾಲೆಯಲ್ಲಿ ಅವರಿಗೆ ಒಂದು ತಾತ್ಕಾಲಿಕ ಜಾಗ ಕೊಡಿಸಲು ನನ್ನಿಂದಾಯಿತು. ಹೆಡ್‌ಮಾಸ್ತರರಾಗಿದ್ದವರು ಅಲ್ಲಿ ಒಂದನೆಯ ಇಯತ್ತೆಯ ಚಿಕ್ಕ ಮಕ್ಕಳಿಗೆ ಬಾರಾಖಡಿ ಎಂಬ ಕಾಗುಣಿತ ಕಲಿಸಬೇಕಾಯಿತು. ಮಳೆಗಾಲದ ಮೊದಲು ತಪಾಸಣೆಗೆ ಹೋದಾಗ ಅವರನ್ನು ಕಂಡೆ. ಮಿಶನ್ನಿನ ಮನೆ ಬಿಟ್ಟ ಮೇಲೆ ಹೆಂಡತಿ ತೌರಿಗೆ ಹೋಗಿದ್ದಾಳೆ, ಭಾನುವಾರದ ಪ್ರಾರ್ಥನೆಯನ್ನು ಒಬ್ಬರೇ ಮನೆಯಲ್ಲಿ ಮಾಡಿಕೊಳ್ಳುತ್ತಾರೆ ಎಂಬ ಸಂಗತಿಗಳನ್ನು ನಾನು ಕೇಳಿ ಕೇಳಿ ತಿಳಿದೆ. ನಾನು ಕ್ಷಮೆಯ ಮಾತು ಎತ್ತಿದೆ. ಅವರು ನಡುವೆಯೇ ತಡೆದರು.

"ನೀವು ಬರದದ್ದು ಖರೆನ ಐತ್ರಿ. ಆ ಮಾತು ನಾ ಓಣಿ ಮಂದಿಗೆ ಹೇಳಿದ್ದೆ, ಕಚೇರಿಗಲ್ಲ. ಬರಿಯೂ ಮೊದಲ ಒಂದ ಸಲ ನನ್ನ ಕೇಳಿದ್ರ, ಬರೀರಿ ಅಂತಿದ್ದೆನೋ ಏನೋ. ಕೇಳಬೇಕಿತ್ರಿ."

ಐದು ವರ್ಷದವನಾಗಿದ್ದಾಗ ತನ್ನನ್ನು ಯಾರೂ ಕೇಳಲಿಲ್ಲ ಎಂದವರ ಮಾತನ್ನು, ಅವರನ್ನೇ ಕೇಳದೆ, ನಾನು ಸರ್ಕಾರಿ ಕಾಗದಕ್ಕೆ ಏರಿಸಿದ್ದೆ.

ತಪ್ಪು ಬರೆಯಬಾರದು ಎಂಬುದನ್ನಷ್ಟೇ ಇಲಾಖೆ ನಮಗೆ ಕಲಿಸಿತ್ತು. ನಿಜ ಬರೆದ ಕಾಗದವೂ ಯಾರ ಯಾರ ಕೈಗೆ ಹೋಗುತ್ತದೆ ಎಂದು ನೋಡಬೇಕೆಂಬುದನ್ನು ನಾನು ಇಳಕಲ್ಲಿನ ವರದಿಯಿಂದ ಕಲಿತೆ. ಆಮೇಲೆ ನಾನು ಹದಿನೆಂಟು ವರ್ಷ ನೌಕರಿ ಮಾಡಿದೆ. ಯಾವ ಮಾಸ್ತರರ ಬಗ್ಗೆ ಬರೆದರೂ, ಲಕೋಟೆ ಅಂಟಿಸುವ ಮೊದಲು, ಅವರ ಮುಂದೆ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಇದರಿಂದ ಕೆಲಸ ತಡವಾಗುತ್ತಿತ್ತು. ಮೇಲಿನಿಂದ ಎರಡು ಸಲ ತಾಕೀತೂ ಬಂತು. ಬೈದದ್ದನ್ನು ಹೊಡೆದುಹಾಕಿ ಎಂದು ಬೇಡಿಕೊಂಡವರು ಕಡಿಮೆ. ಹೊಗಳಿದ್ದನ್ನು ತೆಗೆಯಿರಿ ಸಾಹೇಬರೇ ಎಂದು ಮೆಲ್ಲಗೆ ಕೇಳಿದವರೇ ಹೆಚ್ಚು. ಏಕೆಂದು ಕೇಳದೆ ನಾನು ತೆಗೆದೆ.