ನಿಧಿಯ ಹಾಲುಹಲ್ಲು

ಏಲಕ್ಕಿ ಹಾಕಿ ಕಾಸಿದ ಸಿಹಿ ಹಾಲಿನ ವಾಸನೆ ಬಂದರೆ ಇವತ್ತಿಗೂ ನಾನು ಕೂತಲ್ಲಿ ಕೂರಲಾರೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆ ಸಂಜೆಯಾದರೆ ಆ ವಾಸನೆಯಿಂದ ತುಂಬುತ್ತಿತ್ತು. ಠಾಣೆ–ವಾಶಿ ಲೋಕಲ್ ರೈಲು ಶುರುವಾದ ಹೊಸದು. ಮಗಳು ಸುಧಾ ಕೆಲಸಕ್ಕೆ ವಾಶಿಗೆ ಹೋಗಿ, ಠಾಣೆಯಲ್ಲಿ ಗಾಡಿ ಬದಲಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಮೂರು ವರ್ಷದ ಮೊಮ್ಮಗಳು ನಿಧಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಬೀದಿ ಕಾಣುವ ಗ್ಯಾಲರಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಸುಧಾ ಬಂದವಳೇ ಪರ್ಸಿನಿಂದ ಚಾಕಲೇಟು ತೆಗೆಯುತ್ತಿದ್ದಳು. ಅದು ಬಾಯಲ್ಲಿ ಕರಗುವ ಮೊದಲೇ ಮಗು ನಿದ್ದೆಹೋಗುತ್ತಿತ್ತು.

ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ ಮೊದಲು ಕಂಡದ್ದು ನನಗೆ. ದಂತವೈದ್ಯೆ ಟಾರ್ಚ್ ಬಿಟ್ಟು ನೋಡಿದರು. ಇನ್ನೂ ತೂತು ಬಿದ್ದಿಲ್ಲ, ಹೀಗೇ ಬಿಟ್ಟರೆ ಕೀಳಬೇಕಾದೀತು ಎಂದರು. ಬಾಟಲಿ ಬಿಡಿಸಿ, ಸಿಹಿಯನ್ನು ಊಟದ ಜೊತೆಗಷ್ಟೇ ಕೊಡಿ, ಮಲಗುವ ಮುನ್ನ ದೊಡ್ಡವರೇ ಹಲ್ಲುಜ್ಜಿಸಿ, ಆಮೇಲೆ ಬರೀ ನೀರು ಎಂದೂ ಹೇಳಿದರು. ಪ್ರತಿಯೊಂದಕ್ಕೂ ಹೊತ್ತು ಗೊತ್ತು ಇದ್ದ ಮನೆಯಲ್ಲಿ ಬೆಳೆದ ನನಗೆ ಇದೇನು ಮಹಾ ಅನಿಸಿತು. ಮಾರನೆಯ ದಿನವೇ ಬಾಟಲಿ ಕಪಾಟಿನ ಮೇಲೆ ಹೋಯಿತು. ಆದರೆ ಬ್ರಷ್ ಕಂಡರೆ ನಿಧಿ ಮರಾಠಿಯಲ್ಲಿ "ನಕೋ ಅಜ್ಜಿ, ನಕೋ!" ಎಂದು ಬಾಯಿ ಬಿಗಿಯುತ್ತಿದ್ದಳು. ಚಾಕಲೇಟು ತರಬೇಡ ಎಂದಾಗ ಸುಧಾ ಚಪ್ಪಲಿಯನ್ನೂ ಬಿಚ್ಚದೆ ನಿಂತಳು.

"ಅವ್ವಾ, ದಿನಾ ಒಂದ್ ತಾಸು ಸಿಗತಾಳ ನನಗ ಇಕಿ. ಅದಕ್ಕೂ ಬರಿಗೈಲೆ ಬರಲೇನು?"

"ಬಾ. ಇಲ್ಲಂದ್ರ ಹಲ್ಲಿಲ್ಲದ ಬಾಯಿಲೆ ನಗತಾಳ, ಆವಾಗ ನೋಡೀಯಂತ."

ಎರಡು ದಿನ ಅವಳು ತಾನೇ ಬಡಿಸಿಕೊಂಡು ಉಂಡಳು.

ಆಮೇಲೊಂದು ಸಂಜೆ ಸುಧಾ ಬಂದವಳೇ, ಪ್ಲಾಟ್‌ಫಾರ್ಮಿನಲ್ಲಿ ತಿಂದ ವಡಾಪಾವಿನ ಬೆಳ್ಳುಳ್ಳಿ ವಾಸನೆ ಹೋಗಲೆಂದು ಬಚ್ಚಲಲ್ಲಿ ಹಲ್ಲುಜ್ಜತೊಡಗಿದಳು. ನಿಧಿ ಬಕೆಟ್ಟು ಬೋರಲು ಹಾಕಿ, ಹತ್ತಿ ನಿಂತು, ತಾನೇ ಬಾಯಿ ತೆರೆದಳು. ಸುಧಾ ನನ್ನ ಕಡೆ ನೋಡಿದಳು, ನಾನು ಮಗುವಿನ ಬ್ರಷ್ ಅವಳ ಕೈಗಿಟ್ಟೆ. "ಗಾಡಿ ಹೊಂಟೈತಿ," ಎಂದು ಅವಳು ಹಲ್ಲಿಗೊಂದು ಸ್ಟೇಷನ್ನಿನಂತೆ ಒಂದೊಂದೇ ದಾಟಿಸಿದಳು. "ಡೊಂಬಿವಲಿ… ದಿವಾ… ಮುಂಬ್ರಾ… ಬಾಯಿ ಮುಚ್ಚಬ್ಯಾಡ, ಕಳವಾ ಇನ್ನೂ ಐತಿ!" ನೊರೆಬಾಯಿಂದಲೇ ಮಗು ಚೀರಿತು: "ಆಈ, ಕೋಪರ್ ರಾಹಿಲಂ!" ಬಿಟ್ಟುಹೋದ ಕೋಪರ್ ಸ್ಟೇಷನ್ನಿಗಾಗಿ ಗಾಡಿ ಹಿಂದಕ್ಕೆ ಬರಬೇಕಾಯಿತು. ಅಂದಿನಿಂದ ನಿಧಿ ಬ್ರಷ್ ಹಿಡಿದೇ ಅವ್ವನ ದಾರಿ ಕಾಯತೊಡಗಿದಳು. ಚಾಕಲೇಟು ಭಾನುವಾರದ ಊಟದ ತಟ್ಟೆಗೆ ಬಂತು. ಮಳೆಗೆ ಲೋಕಲ್ ನಿಂತ ಸಂಜೆ ನಾನೇ ಬ್ರಷ್ ಹಿಡಿದು ಗಾಡಿ ಬಿಡಹೋದರೆ, ಅಜ್ಜಿಗೆ ಸ್ಟೇಷನ್ ಗೊತ್ತಿಲ್ಲ ಎಂದು ನಿಧಿ ನಕ್ಕಳು. ನಕ್ಕಾಗ ಬಾಯಿ ತೆರೆಯಿತಲ್ಲ, ನನಗೆ ಅಷ್ಟೇ ಸಾಕಿತ್ತು.

ಅಂಥ ಸಂಜೆಗಳು ನಿಮ್ಮ ಮನೆಯಲ್ಲೂ ಇದ್ದಿರಬೇಕು; ಇರುವಾಗ ಅವುಗಳ ಬೆಲೆ ಯಾರಿಗೆ ತಿಳಿಯುತ್ತದೆ? ಮೊದಲ ಹಲ್ಲು ಬಿದ್ದಾಗ ನಿಧಿ ಶಾಲೆಯ ಒಂದನೇ ಇಯತ್ತೆಯಲ್ಲಿದ್ದಳು. ನಮ್ಮೂರು ವಿಜಯಪುರದಲ್ಲಾದರೆ ಬಿದ್ದ ಹಲ್ಲನ್ನು ಮಾಳಿಗೆ ಮೇಲೆ ಎಸೆಯುತ್ತಿದ್ದೆವು. ಇಲ್ಲಿ ಗ್ಯಾಲರಿಯಿಂದ ವಾಚ್‌ಮನ್ ಕೋಣೆಯ ತಗಡಿನ ಮೇಲೆ ಎಸೆದೆವು. ಎಸೆಯುವ ಮುಂಚೆ ನಾನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಕಂದು ಗೆರೆ ಹಾಗೇ ಇತ್ತು, ತೂತು ಇರಲಿಲ್ಲ. ಈಗ ನಿಧಿ ಹಾಸ್ಟೆಲಿನಲ್ಲಿದ್ದಾಳೆ. ನಾವಿದ್ದ ಕಟ್ಟಡವನ್ನು ಹೊಸದಾಗಿ ಕಟ್ಟಲೆಂದು ಕೆಡವಿದರು. ತಗಡು, ಇಟ್ಟಿಗೆ ಎಲ್ಲ ಲಾರಿಯಲ್ಲಿ ಹೋಯಿತು. ಅದರೊಳಗೆಲ್ಲೋ ಅಕ್ಕಿಕಾಳಿನಷ್ಟು ಹಲ್ಲೊಂದು ಹೋಗಿದೆ, ಯಾರೂ ಕೀಳದೆ ತನ್ನ ಕಾಲಕ್ಕೆ ತಾನೇ ಬಿದ್ದದ್ದು.